ಎರಡು ಸಲ ಉಪ್ಪು ಕೇಳಿದ ಕ್ಯಾಪ್ಟನ್

ನನ್ನ ಅಣ್ಣನ ಮೊಮ್ಮಗಳು ಮೇಘಾ ಅಮೆರಿಕದ ಫ್ರೀಮಾಂಟಿನಲ್ಲಿ ಹುಟ್ಟಿ ಬೆಳೆದವಳು. ಕಾನೂನು ಓದಿ, ಈಗ ಯುರೋಪಿನಲ್ಲಿ ಯುದ್ಧಾಪರಾಧಗಳ ವಿಚಾರಣೆ ನಡೆಸುವ ಅಭಿಯೋಜಕರ ಕಚೇರಿಯೊಂದಕ್ಕೆ ಸೇರಿದ್ದಾಳೆ. ಹೋದ ತಿಂಗಳು ಫೋನ್ ಮಾಡಿದ್ದಳು. ದನಿ ಕುಗ್ಗಿತ್ತು.

"ಅಜ್ಜಿ, ನನ್ನ ಟೇಬಲ್ ಮೇಲೆ ನಾನೂರು ಫೈಲ್ ಇದೆ. ಅದ್ರಲ್ಲಿ ಆರೋ ಏಳೋ ಕೋರ್ಟಿಗೆ ಹೋಗತ್ತೆ ಅಷ್ಟೇ. ಹೌ ಡು ಯು ಈವನ್ ಚೂಸ್?"

ಫೋನಿನಲ್ಲಿ ಏನೋ ಸಮಾಧಾನದ ಮಾತು ಹೇಳಿದೆ. ಇಟ್ಟ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಹನ್ನೆರಡು ವರ್ಷ ಅದೇ ಕೆಲಸ ಮಾಡಿದವಳು ನಾನು, ಕೇಳಿದ ಹುಡುಗಿಗೆ ಗಟ್ಟಿಯಾದ ಒಂದು ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅವಳ ಅಪ್ಪ ಓದಿ ಹೇಳಲಿ. ಈ ದಾರಿ ಹಿಡಿಯಬೇಕೆಂದಿರುವ ನಮ್ಮ ಕಡೆಯ ಬೇರೆ ಮಕ್ಕಳೂ ಓದಿದರೆ ಸಂತೋಷ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎನ್ನುವುದನ್ನು ಇಲ್ಲಿ ಹುಡುಕಬೇಡಿ. ಏರಲು ಅಲ್ಲಿ ಮೆಟ್ಟಿಲೇ ಇರಲಿಲ್ಲ.

ಮದುವೆಗೆ ಮುಂಚೆ ನಾನು ಮೈಸೂರಿನ ಮುನ್ಸೀಫ್ ಕೋರ್ಟಿನಲ್ಲಿ ಐದು ವರ್ಷ ಟೈಪಿಸ್ಟ್ ಆಗಿದ್ದೆ. ಸಾಕ್ಷಿ ಕಟಕಟೆಯಲ್ಲಿ ನಿಂತು ಕನ್ನಡದಲ್ಲಿ ಹೇಳುವನು. ನ್ಯಾಯಾಧೀಶ ಸಾಹೇಬರು ಅದನ್ನು ಅಳತೆಗೆ ಕತ್ತರಿಸಿ ಇಂಗ್ಲಿಷಿನಲ್ಲಿ ನನಗೆ ಹೇಳುವರು. ನಾನು ಟಕಟಕ ಹೊಡೆಯುತ್ತಿದ್ದೆ. ಸಾಕ್ಷಿ ಸ್ವಲ್ಪ ಅತ್ತಿತ್ತ ಹೋಗಿ, ಅವತ್ತು ಹಸು ಕರು ಹಾಕಿತ್ತು ಸ್ವಾಮಿ, ಎಂದು ಶುರು ಮಾಡಿದರೆ ಸಾಹೇಬರು ಕೈ ಎತ್ತಿಬಿಡುವರು. "ಕಥೆ ಬೇಡಯ್ಯ, ವಿಷಯ ಹೇಳು." ಐದು ವರ್ಷದಲ್ಲಿ ಆ ಮಾತು ನನಗೂ ಅಂಟಿತು. ಕೊನೆಕೊನೆಗೆ ಸಾಹೇಬರು ಬಾಯಿ ತೆರೆಯುವ ಮೊದಲೇ ಯಾವುದು ಕಥೆ, ಯಾವುದು ವಿಷಯ ಎಂದು ನನ್ನ ಬೆರಳಿಗೇ ತಿಳಿಯುತ್ತಿತ್ತು. ಇಡೀ ಕೋರ್ಟಿನಲ್ಲಿ ನನ್ನಷ್ಟು ಚೊಕ್ಕವಾಗಿ ಹೇಳಿಕೆ ಟೈಪ್ ಮಾಡುವವರಿಲ್ಲ ಎಂದು ಹೆಸರಾಗಿತ್ತು. ಆ ಹೆಸರಿನ ಜಂಬವನ್ನೂ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಅಮೆರಿಕಕ್ಕೆ ಬಂದೆ.

ನನ್ನ ಯಜಮಾನರು ಸದಾನಂದ, ಎಂಜಿನಿಯರು. ಎಂಬತ್ತರ ದಶಕದ ಆರಂಭದಲ್ಲಿ ನಾವು ಸರಟೋಗಾದ ಅಂಚಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಹಿಂದೆ ಇನ್ನೂ ಏಪ್ರಿಕಾಟ್ ತೋಟಗಳಿದ್ದವು. ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು, ಪೇಪರಿನ ಜಾಹೀರಾತು ನೋಡಿ ಎಮರಿವಿಲ್‌ನ ಒಂದು ಆಫೀಸಿಗೆ ಅರ್ಜಿ ಹಾಕಿದೆ. ಬಸ್ಸು, ರೈಲು ಬದಲಿಸಿ ಎರಡು ಗಂಟೆಯ ದಾರಿ. ಆಗ ಎಮರಿವಿಲ್ ಎಂದರೆ ಮುಚ್ಚಿದ ಕಾರ್ಖಾನೆಗಳು ಮತ್ತು ರೈಲು ಹಳಿಗಳು. ಆಫೀಸು ಒಂದು ಹಳೇ ಪೇಂಟ್ ಗೋದಾಮಿನ ಮಹಡಿಯ ಮೇಲಿತ್ತು. ಬಿಸಿಲೇರಿದರೆ ಗೋಡೆಯಿಂದ ಟರ್ಪೆಂಟೈನ್ ವಾಸನೆ ಬರುತ್ತಿತ್ತು.

ಅದು ಸರಕಾರದ ಕಚೇರಿಯಲ್ಲ. ಮೇಘಾ ಸೇರಿರುವಂಥ ದೊಡ್ಡ ನ್ಯಾಯಾಲಯಗಳು ಆಗ ಹುಟ್ಟಿರಲೇ ಇಲ್ಲ. ತಮ್ಮ ದೇಶದಲ್ಲಿ ಊರಿಗೆ ಊರನ್ನೇ ಕೊಂದು ಬಂದು, ಇಲ್ಲಿ ಹೆಸರು ಬದಲಿಸಿಕೊಂಡು ಹಾಯಾಗಿದ್ದ ಸೇನಾಧಿಕಾರಿಗಳು ಇದ್ದರು. ಅವರ ಮೇಲೆ ಸಿವಿಲ್ ಮೊಕದ್ದಮೆ ಹೂಡಲು ಈ ದೇಶದ ಬಹಳ ಹಳೆಯ ಕಾನೂನೊಂದು ದಾರಿ ಕೊಡುತ್ತಿತ್ತು. ಆ ಕಾನೂನಿನ ಧೂಳು ಕೊಡವಿ ಬಳಸುತ್ತಿದ್ದ ಕೆಲವೇ ವಕೀಲರಲ್ಲಿ ನಮ್ಮ ಯಜಮಾನಿ ಮಿಸೆಸ್ ಬ್ರಾಂಟ್ ಒಬ್ಬರು. ಎರಡನೇ ಮಹಾಯುದ್ಧ ಮುಗಿದಾಗ ಜರ್ಮನಿಯ ವಿಚಾರಣೆಗಳಲ್ಲಿ ಕಿರಿಯ ವಕೀಲೆಯಾಗಿ ದುಡಿದವರು. ನಾನು ಸೇರಿದಾಗ ಅರವತ್ತು ದಾಟಿತ್ತು. ಕೋಲಿನಷ್ಟು ತೆಳ್ಳಗೆ, ಕೋಲಿನಷ್ಟೇ ನೇರ. ಹೊಗಳಿಕೆ ಅವರ ಬಾಯಿಂದ ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

ಪ್ರತಿ ಶುಕ್ರವಾರ ಆಯ್ಕೆಯ ಮೀಟಿಂಗು. ನಮ್ಮ ಕೈಲಾಗುತ್ತಿದ್ದುದು ವರ್ಷಕ್ಕೆ ಒಂದು ಕೇಸು, ಬಂದು ಬೀಳುತ್ತಿದ್ದುದು ನೂರಾರು. ಮೇಜಿನ ಮೇಲೆ ಫೈಲಿಟ್ಟು ಮಿಸೆಸ್ ಬ್ರಾಂಟ್ ಮೂರು ಪ್ರಶ್ನೆ ಕೇಳುವರು. ಕಣ್ಣಾರೆ ಕಂಡವರು ಯಾರು? ಆ ಸೈನ್ಯವಲ್ಲ, ಆ ಸರಕಾರವಲ್ಲ, ಈ ಮನುಷ್ಯನೇ ಮಾಡಿದ ಎಂದು ತೋರಿಸಲು ಏನಿದೆ? ನಾವು ಕೈ ಹಾಕಿದರೆ ಅಲ್ಲಿ ಉಳಿದಿರುವ ಯಾರಿಗೆ ತೊಂದರೆಯಾಗುತ್ತದೆ? ಸತ್ತವರು ಎಷ್ಟು ಜನ ಎಂಬುದು ಮೊದಲ ಪ್ರಶ್ನೆಯಲ್ಲ. ಇದು ನನಗೆ ಬಹಳ ದಿನ ಅರಗಲಿಲ್ಲ.

ಸೇರಿದ ಮೊದಲ ವರ್ಷ ಅದರ ಬಗ್ಗೆ ಜಗಳವನ್ನೇ ಆಡಿದೆ. ಇಡೀ ಪಟ್ಟಣವೊಂದು ಉರಿದುಹೋದ ಫೈಲನ್ನು ಹಿಡಿದು, ಇದನ್ನು ಬಿಟ್ಟು ಬೇರೇನು ತೆಗೆದುಕೊಳ್ಳುತ್ತೀರಿ ಎಂದು ಕಣ್ಣೀರು ಹಾಕಿದೆ. ಮಿಸೆಸ್ ಬ್ರಾಂಟ್ ನನ್ನ ಹಟಕ್ಕೆ ಬಿಟ್ಟರು. ಎಂಟು ತಿಂಗಳು ಮಣ್ಣು ಹೊತ್ತಂತೆ ಕೆಲಸ ಮಾಡಿದೆವು. ಆ ಅಧಿಕಾರಿ ಅಂದು ಅಲ್ಲಿದ್ದ ಎಂದು ಹೇಳುವ ಒಂದು ನರಪಿಳ್ಳೆಯೂ ಸಿಗಲಿಲ್ಲ. ಕೋರ್ಟು ಹತ್ತೇ ನಿಮಿಷದಲ್ಲಿ ವಜಾ ಮಾಡಿತು. ಆತ ಮೆಟ್ಟಿಲಿಳಿಯುವಾಗ ನಗುತ್ತಿದ್ದ. ಮಿಸೆಸ್ ಬ್ರಾಂಟ್ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಇನ್ನೂ ಎರಡು ಕಟ್ಟಳೆಗಳಿದ್ದವು. ಕೈಬಿಟ್ಟ ಫೈಲಿಗೆ 'ತಿರಸ್ಕೃತ' ಎಂದು ಬರೆಯುವಂತಿಲ್ಲ, 'ಇನ್ನೂ ಇಲ್ಲ' ಎಂಬ ಡಬ್ಬಿಗೆ ಹಾಕಬೇಕು. ಮತ್ತೆ, ಯಾರು ಬೇಡ ಎನ್ನುತ್ತಾರೋ ಅವರೇ ಸಾಕ್ಷಿಯ ಮನೆಗೆ ಹೋಗಿ, ಎದುರಿಗೆ ಕೂತು, ಬೇಡ ಎಂದು ಹೇಳಿ ಬರಬೇಕು. ಪತ್ರ, ಫೋನು ಯಾವುದೂ ನಡೆಯುವುದಿಲ್ಲ. ಈ ಎರಡನೆಯ ಕಟ್ಟಳೆಯಿಂದಾಗಿ ನಮ್ಮ ಮೀಟಿಂಗುಗಳಲ್ಲಿ ಬೇಡ ಎಂಬ ಪದ ಸಲೀಸಾಗಿ ಬಾಯಿಗೆ ಬರುತ್ತಿರಲಿಲ್ಲ.

ಎಲ್ವಿರಾ ಎಂಬ ಹೆಂಗಸು ನಮ್ಮಲ್ಲಿಗೆ ಬಂದದ್ದು ನಾನು ಸೇರಿ ನಾಲ್ಕೈದು ವರ್ಷವಾದ ಮೇಲೆ. ಮಧ್ಯ ಅಮೆರಿಕದ ಗುಡ್ಡಗಾಡಿನ ಒಂದು ಹಳ್ಳಿಯವಳು. ಓಕ್‌ಲ್ಯಾಂಡಿನ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ಕೆಲಸ. ಅವಳ ಹಳ್ಳಿಯ ಗಂಡಸರನ್ನೆಲ್ಲ ಒಂದು ದಿನ ಶಾಲೆಯ ಕಟ್ಟಡಕ್ಕೆ ತುಂಬಿ ಕೊಂದಿದ್ದರು. ಅವಳ ಗಂಡನೂ ಅದರಲ್ಲಿದ್ದ. ಆ ಪಡೆಯ ಕ್ಯಾಪ್ಟನ್ ಹೇಯ್ವರ್ಡಿನಲ್ಲಿ ಹಳೇ ಪೀಠೋಪಕರಣದ ಅಂಗಡಿ ಇಟ್ಟುಕೊಂಡಿರುವುದನ್ನು ಅವಳು ಬಸ್ಸಿನ ಕಿಟಕಿಯಿಂದ ನೋಡಿದ್ದಳು. ತನ್ನ ಹಳ್ಳಿಯಿಂದಲೇ ಬಂದ ಇನ್ನೂ ನಾಲ್ವರನ್ನು ಕರೆತಂದಳು. ಹಳ್ಳಿಯಲ್ಲೇ ಉಳಿದಿದ್ದ ತಂಗಿಗೆ ತೊಂದರೆಯಾದೀತೆಂದು, ಆ ತಂಗಿ ಗಡಿ ದಾಟಿ ಮೆಕ್ಸಿಕೋ ಸೇರುವ ತನಕ ಎಲ್ವಿರಾ ತುಟಿ ಬಿಚ್ಚದೆ ಕಾದಿದ್ದಳು. ಈಗ ಕಾಯಲು ಸಮಯವಿರಲಿಲ್ಲ. ಅಂಗಡಿಯ ಬಾಗಿಲಿಗೆ 'ಮಾರಾಟಕ್ಕಿದೆ' ಎಂಬ ಬೋರ್ಡು ಬಿದ್ದಿತ್ತು. ಅವನು ಈ ದೇಶ ಬಿಡುವುದರೊಳಗೆ ಮೊಕದ್ದಮೆಯ ಕಾಗದ ಅವನ ಕೈಗೆ ಮುಟ್ಟದಿದ್ದರೆ ಎಲ್ವಿರಾಗೆ ಇನ್ನು ಯಾವ ಕೋರ್ಟೂ ಇರಲಿಲ್ಲ.

ಐವರ ಹೇಳಿಕೆ ಬರೆದುಕೊಳ್ಳುವ ಕೆಲಸ ನನ್ನದು. ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಹೇಳುತ್ತಿದ್ದವರು ಒರ್ಟೆಗಾ ಎಂಬ ನಿವೃತ್ತ ಮೇಷ್ಟ್ರು. ನಲವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದ ಮನುಷ್ಯ, ಒಂದು ಅಲ್ಪವಿರಾಮವನ್ನೂ ಬಿಡುತ್ತಿರಲಿಲ್ಲ. ಬಿಟ್ಟವಳು ನಾನು. ಅವರು ಹತ್ತು ವಾಕ್ಯ ಹೇಳಿದರೆ ನನ್ನ ಬೆರಳು ಅಭ್ಯಾಸಬಲದಿಂದ ಒಂದನ್ನು ಹೊಡೆಯುತ್ತಿತ್ತು. ಸದರಿ ದಿನ, ಸದರಿ ಗ್ರಾಮದಲ್ಲಿ, ಸದರಿ ಪ್ರತಿವಾದಿಯ ಆದೇಶದ ಮೇರೆಗೆ. ಮೈಸೂರಿನ ಸಾಹೇಬರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಐವರ ಹೇಳಿಕೆಯೂ ಒಂದೊಂದೇ ಪುಟ. ಎಲ್ಲರೂ ಸಹಿ, ಹೆಬ್ಬೆಟ್ಟು ಹಾಕಿಕೊಟ್ಟರು. ನನಗೋ ತೃಪ್ತಿಯೋ ತೃಪ್ತಿ.

ಶುಕ್ರವಾರ ಮಿಸೆಸ್ ಬ್ರಾಂಟ್ ಐದೂ ಹಾಳೆಗಳನ್ನು ಓದಿದರು. ಎದ್ದು ಹೋಗಿ, ಎರಡು ಹಾಳೆಗಳನ್ನು ಒಂದರ ಮೇಲೊಂದು ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಬೆಳಕಿಗೆ ಅಕ್ಷರಗಳು ಕಂಡವು. ಸಾಲಿನ ಮೇಲೆ ಸಾಲು, ಪದದ ಮೇಲೆ ಪದ ಕೂತಿತ್ತು. ಹೆಸರು, ವಯಸ್ಸು ಬಿಟ್ಟರೆ ಬೇರೇನೂ ಬೇರೆಯಿರಲಿಲ್ಲ.

"ಪದ್ಮಾ, ಐದು ಜನ ಒಂದೇ ಬಾಯಿಂದ ಮಾತಾಡಿದಾರೆ," ಎಂದರು. "ಎದುರು ವಕೀಲ ಇದನ್ನ ನೋಡಿ ಏನಂತಾನೆ ಹೇಳು."

"ಹೇಳಿಕೊಟ್ಟ ಸಾಕ್ಷಿ ಅಂತಾನೆ," ಎಂದೆ.

"ಇನ್ನೊಂದು. ಇಷ್ಟು ವರ್ಷ ಆದ್ಮೇಲೆ, ಬಸ್ಸಿನ ಕಿಟಕಿಯಿಂದ, ಅವನೇ ಅಂತ ಆಕೆಗೆ ಹೇಗೆ ಗೊತ್ತಾಯ್ತು? ಅದು ಎಲ್ಲಿದೆ ಇದ್ರಲ್ಲಿ?"

ಇರಲಿಲ್ಲ. ಸಹಿಯಾದ ಹೇಳಿಕೆಗಳು ಅವು. ಈಗ ಬದಲಿಸಿದರೆ ಇನ್ನೂ ಸಂಶಯ. ಎರಡನೇ ಪ್ರಶ್ನೆಗೆ ಉತ್ತರವಿಲ್ಲದ ಫೈಲು ಹಿಡಿದು ಹೋಗಿ, ಮೊದಲ ವರ್ಷ ಮಾಡಿಕೊಂಡ ಎಡವಟ್ಟು ನನ್ನ ಕಣ್ಣ ಮುಂದೆಯೇ ಇತ್ತು. ತಪ್ಪು ಒಪ್ಪಿಕೊಳ್ಳುವ ಬದಲು ಬುದ್ಧಿವಂತಿಕೆ ತೋರಿಸಿದೆ. "ಈ ಕೇಸು ನಿಲ್ಲಲ್ಲ. ಬೇಡ," ಎಂದುಬಿಟ್ಟೆ.

ಮಿಸೆಸ್ ಬ್ರಾಂಟ್ ಫೈಲು ಮುಚ್ಚಿ ನನ್ನ ಕಡೆ ತಳ್ಳಿದರು. "ಹಾಗಾದ್ರೆ ಹೋಗಿ ಹೇಳಿ ಬಾ."

ಮಾರನೆಯ ದಿನ ಶನಿವಾರ. ಫ್ರೀವೇನಲ್ಲಿ ಕಾರು ಓಡಿಸುವಷ್ಟು ಧೈರ್ಯ ನನಗಿರಲಿಲ್ಲ, ಸದಾನಂದರನ್ನು ಹೊರಡಿಸಿದೆ. ದಾರಿಯಲ್ಲಿ ಒರ್ಟೆಗಾ ಮೇಷ್ಟ್ರನ್ನು ಹತ್ತಿಸಿಕೊಂಡೆವು. ಎಲ್ವಿರಾಳ ಒಂದೇ ಕೋಣೆಯ ಮನೆ ತಲುಪಿದಾಗ ಮಧ್ಯಾಹ್ನ. ನಾನು ಬಾಗಿಲಲ್ಲೇ ಮಾತು ಶುರು ಮಾಡಲು ಹೋದೆ. ಅವಳು ಕೇಳಲಿಲ್ಲ. ಊಟದ ಹೊತ್ತಿಗೆ ಬಂದವರು ಊಟ ಮಾಡಬೇಕು, ಆಮೇಲೆ ಮಾತು ಎಂದು ಬೆಂಚು ಎಳೆದಳು.

ಸದಾನಂದರು ನನ್ನ ಕಿವಿಯಲ್ಲಿ, "ಹುರುಳಿಕಾಳೋ ಬೀನ್ಸೋ ಏನೋ ಇದೆ ಕಣೇ. ಅದಕ್ಕೆ ಹಂದಿ ಕೊಬ್ಬು ಹಾಕಿರ್ತಾರಂತೆ. ಕೇಳು ಸ್ವಲ್ಪ," ಎಂದರು.

"ಸುಮ್ನೆ ತಿನ್ನಿ. ನಾನು ಹೇಳಕ್ಕೆ ಬಂದಿರೋ ವಿಷಯಕ್ಕೆ ಅವಳು ಊಟ ಹಾಕ್ತಿರೋದೇ ದೊಡ್ಡದು."

ಮೇಷ್ಟ್ರು ಹೇಗೋ ವಿಚಾರಿಸಿ ಕೊಬ್ಬಿಲ್ಲವೆಂದು ಹೇಳಿದರು. ಸದಾನಂದರು ಚಮಚ ಬದಿಗಿಟ್ಟು, ನಮ್ಮ ಅಭ್ಯಾಸದಂತೆ ಮೆಕ್ಕೆಜೋಳದ ರೊಟ್ಟಿ ಮುರಿದು ಕೈಯಲ್ಲೇ ತಿನ್ನತೊಡಗಿದರು. ಎಲ್ವಿರಾ ಮುಖ ಅರಳಿಸಿಕೊಂಡು ನೋಡುತ್ತಿದ್ದಳು. ಊಟವಾದ ಮೇಲೆ ಅವಳೇ ಚೊಂಬಿನಂಥ ಪಾತ್ರೆಯಲ್ಲಿ ನೀರು ತಂದು ಅವರ ಕೈಗೆ ಹಾಕಿದಳು. ನೀರು ಹಾಕುತ್ತಾ ಏನೋ ಹೇಳಿದಳು. ಮೇಷ್ಟ್ರು ತಕ್ಷಣ ಅನುವಾದಿಸಲಿಲ್ಲ. ನಾನು ಮತ್ತೆ ಕೇಳಬೇಕಾಯಿತು.

"ನಿಮ್ಮ ಯಜಮಾನರ ಬೆರಳು ನೆಟ್ಟಗಿವೆ, ಬೊಗಸೇಲಿ ನೀರು ನಿಲ್ಲತ್ತೆ ಅಂತಿದಾಳೆ," ಎಂದರು ಮೇಷ್ಟ್ರು. "ಅವನ ಕೈಲಿ ನಿಲ್ತಿರ್ಲಿಲ್ಲವಂತೆ."

"ಯಾರ ಕೈಲಿ?"

ಎಲ್ವಿರಾ ನನ್ನನ್ನೇ ನೋಡಿ ನಿಧಾನವಾಗಿ ಹೇಳಿದಳು. ಮೇಷ್ಟ್ರು ಅವಳ ಉಸಿರಿಗೆ ಉಸಿರು ಸೇರಿಸಿದಂತೆ ಹೇಳುತ್ತಾ ಹೋದರು. ಅಂದು ಕ್ಯಾಪ್ಟನ್ ಅವಳ ಮನೆಯ ಹೊಸ್ತಿಲ ಬಳಿ ಕೂತು ಉಂಡಿದ್ದ. ಹಸಿವಾಗಿದೆ, ಏನಾದರೂ ಕೊಡು ಎಂದಿದ್ದ. ಉಪ್ಪು ಸಾಲದು ಎಂದು ಒಂದು ಸಲ ಕೇಳಿದ, ಇನ್ನೊಂದು ಸಲ ಕೇಳಿದ. ಉಂಡ ಮೇಲೆ ಅವಳು ಕೈಗೆ ನೀರು ಹಾಕಿದಳು. ಬಲಗೈಯ ಕಿರುಬೆರಳು ಒಳಕ್ಕೆ ಮಡಚಿಕೊಂಡೇ ಇತ್ತು, ನೆಟ್ಟಗಾಗುತ್ತಿರಲಿಲ್ಲ. ನೀರು ಆ ಸಂದಿಯಿಂದ ಸೋರಿಹೋಗುತ್ತಿತ್ತು. ಎರಡು ಸಲ ಹಾಕಬೇಕಾಯಿತು. ಕೈ ಒರೆಸಿಕೊಂಡು ಅವನು ಎದ್ದು, ಶಾಲೆಯ ಕಡೆ ಅದೇ ಕೈ ಬೀಸಿ ಹುಕುಂ ಕೊಟ್ಟ. ಹೇಯ್ವರ್ಡಿನಲ್ಲಿ ಬಸ್ಸು ನಿಂತಾಗ, ಅಂಗಡಿಯ ಹೊರಗೆ ಅವನು ಕುರ್ಚಿಯೊಂದನ್ನು ಎತ್ತುತ್ತಿದ್ದ. ಮುಖವನ್ನು ಅವಳು ಆಮೇಲೆ ನೋಡಿದ್ದು. ಮೊದಲು ಕಂಡದ್ದು ಆ ಬೆರಳು.

"ಬಡಿಸೋಳು ಮುಖಾನ ಎಷ್ಟು ನೋಡ್ತಾಳೆ? ಕೈನೇ ಅಲ್ವಾ ನೋಡೋದು?" ಎಂದಳು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ನಾನು ಕೂಗಿಯೇಬಿಟ್ಟೆ.

ಮೇಷ್ಟ್ರು ಈ ಪ್ರಶ್ನೆಯನ್ನು ಅವಳಿಗೆ ಅನುವಾದ ಮಾಡಲೇ ಇಲ್ಲ. ಕನ್ನಡಕ ತೆಗೆದು ಒರೆಸುತ್ತಾ, "ಮೇಡಂ, ಆಕೆ ಮೊದಲನೇ ದಿನ ಶುರು ಮಾಡಿದ್ದೇ ಇಲ್ಲಿಂದ. ರೊಟ್ಟಿ, ಉಪ್ಪು, ನೀರು, ಎಲ್ಲಾ ನಾನು ನಿಮಗೆ ಹೇಳ್ದೆ. ನೀವು ಕೈ ಎತ್ತಿ, ಕಥೆ ಬೇಡ, ವಿಷಯ ಹೇಳಕ್ಕೆ ಹೇಳಿ ಅಂದ್ರಿ," ಎಂದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚೀಲದಿಂದ ನನ್ನ ಆ ಚೊಕ್ಕ ಹಾಳೆಯನ್ನು ತೆಗೆದೆ. ಎಲ್ವಿರಾ ಓದು ಬಾರದವಳು. ಅದರಲ್ಲಿ ಏನಿದೆಯೋ ಓದಿ ಹೇಳಿ ಎಂದಳು. ಮೇಷ್ಟ್ರು ಓದಿದರು. ಸದರಿ ದಿನ, ಸದರಿ ಗ್ರಾಮ. ಒಂದೂವರೆ ನಿಮಿಷದಲ್ಲಿ ಮುಗಿಯಿತು. ಅವಳು ಮುಂದಕ್ಕೆ ಇನ್ನೇನೋ ಇದೆ ಎಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ತಲೆಯಲ್ಲಾಡಿಸಿ, "ಇದು ನಂದಲ್ಲ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ತಪ್ಪಿ ತನ್ನ ಮನೆಗೆ ಬಂದ ಪತ್ರವನ್ನು ಹಿಂತಿರುಗಿಸುವಂತೆ ಹೇಳಿದಳು.

ಬೇಡ ಎಂದು ಹೇಳಲು ಹೋದವಳು ಹೇಳದೆ ಬಂದೆ. ಸೋಮವಾರ ಬೆಳಿಗ್ಗೆ ಮಿಸೆಸ್ ಬ್ರಾಂಟರ ಎದುರು ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಮೈಸೂರಿನ ಕೋರ್ಟು, ಸಾಹೇಬರು, ಎತ್ತಿದ ಕೈ, ಒಂದನ್ನೂ ಮುಚ್ಚಿಡಲಿಲ್ಲ. ಕೆಲಸ ಹೋಯಿತು ಎಂದೇ ತಿಳಿದಿದ್ದೆ. ಅವರು ಎದುರಿನ ಕುರ್ಚಿ ತೋರಿಸಿ ನನ್ನನ್ನು ಕೂರಿಸಿದರು.

"ಜರ್ಮನೀಲಿ ನಾನೂ ಇದೇ ಮಾಡಿದ್ದೆ," ಎಂದರು. "ಒಬ್ಬ ಮುದುಕ ಗಡಿಯಾರದ ಬಗ್ಗೆನೇ ಮಾತಾಡ್ತಿದ್ದ. ನಾನು ನಿಲ್ಲಿಸಿದೆ. ಆ ಗಡಿಯಾರದಲ್ಲಿ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನಿನಗೆ ಎರಡನೇ ಸಲ ಸಿಕ್ಕಿದೆ. ಐದೂ ಜನರನ್ನ ಮತ್ತೆ ಕೂರಿಸು. ಹಳೇ ಹೇಳಿಕೆಗಳನ್ನೂ ಕೋರ್ಟಿಗೆ ಕೊಡೋಣ, ಅವು ಯಾಕೆ ಹಾಗಿವೆ ಅಂತ ನೀನೇ ಅಫಿಡವಿಟ್ ಬರೀಬೇಕು."

ಬರೆದೆ. ನನ್ನ ದಡ್ಡತನವನ್ನು ನಾನೇ ಟೈಪ್ ಮಾಡಿ ಸಹಿ ಹಾಕಿದ ಆ ಕಾಗದ ಈಗಲೂ ಕೋರ್ಟಿನ ದಾಖಲೆಯಲ್ಲಿದೆ.

ಆ ವಾರವಿಡೀ ಐವರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಕೇಳಿದೆವು. ಟೇಪ್ ರೆಕಾರ್ಡರು ಹಚ್ಚಿಟ್ಟು, ಮೊದಲ ಒಂದು ಗಂಟೆ ನಾನು ಪೆನ್ನು ಮುಟ್ಟುವಂತಿರಲಿಲ್ಲ. ಮಿಸೆಸ್ ಬ್ರಾಂಟ್ ನನ್ನ ಎರಡೂ ಕೈಗಳನ್ನು ನನ್ನ ತೊಡೆಯ ಕೆಳಗೇ ಇಟ್ಟುಕೊಂಡು ಕೂರಲು ಹೇಳಿದ್ದರು. ಸಣ್ಣ ಮಕ್ಕಳಿಗೆ ಹೇಳುವಂತೆ! ಆದರೆ ನನ್ನ ಕೈಯ ಚಾಳಿ ಅವರಿಗೆ ಗೊತ್ತಿತ್ತು. ಲಾರಿ ಹಸಿರು ಎಂದಳು ಒಬ್ಬಳು, ನೀಲಿ ಎಂದಳು ಇನ್ನೊಬ್ಬಳು. ಒಬ್ಬರಿಗೆ ಅದು ಬೆಳಿಗ್ಗೆ, ಒಬ್ಬರಿಗೆ ಮಧ್ಯಾಹ್ನ. ಆದರೆ ಮೂವರು, ಯಾರೂ ಕೇಳದೆಯೇ, ಹುಕುಂ ಬಂದದ್ದು ಎಲ್ವಿರಾಳ ಮನೆಯ ಹೊಸ್ತಿಲಿನಿಂದ ಎಂದರು. ಅಷ್ಟರಲ್ಲಿ ಒರ್ಟೆಗಾ ಮೇಷ್ಟ್ರು ಗಿರಾಕಿಯಂತೆ ಹೇಯ್ವರ್ಡಿನ ಅಂಗಡಿಗೆ ಹೋಗಿ, ಒಂದು ಕುರ್ಚಿಯ ಅಳತೆ ತೆಗೆಸಿಕೊಂಡು ಬಂದರು. ಅಳತೆಯ ಪಟ್ಟಿ ಹಿಡಿದ ಅವನ ಬಲಗೈಯ ಕಿರುಬೆರಳು ಒಳಕ್ಕೆ ಮಡಚಿತ್ತು.

ಶುಕ್ರವಾರ ಮಿಸೆಸ್ ಬ್ರಾಂಟ್ ಹೊಸ ಹೇಳಿಕೆಗಳನ್ನು ಮತ್ತೆ ಗಾಜಿಗೆ ಹಿಡಿದರು. ಒಂದರ ಮೇಲೊಂದು ಕೂರಲಿಲ್ಲ, ಬರೀ ಕಪ್ಪು ಗೋಜಲು ಕಂಡಿತು. "ಈಗ ಐದು ಜನ ಇದಾರೆ," ಎಂದರು. ಆ ವರ್ಷದ ಹೊಗಳಿಕೆ ಅದೇ.

ಅಂಗಡಿ ಕೈ ಬದಲಾಗುವ ಮೂರು ದಿನ ಮುಂಚೆ ಅವನಿಗೆ ಕಾಗದ ಮುಟ್ಟಿತು. ಮೊದಲು ವಕೀಲನನ್ನು ಇಟ್ಟುಕೊಂಡು ತಾನು ಆ ಪ್ರಾಂತ್ಯಕ್ಕೇ ಹೋಗಿರಲಿಲ್ಲ ಎಂದ. ವಿಚಾರಣೆಯ ದಿನ ಹತ್ತಿರ ಬಂದಾಗ ದೇಶ ಬಿಟ್ಟು ಓಡಿದ. ಜೈಲಿಲ್ಲ, ಬೇಡಿಯಿಲ್ಲ. ಎಳೆಯರು ಇದನ್ನು ತಿಳಿದುಕೊಂಡೇ ಈ ಕೆಲಸಕ್ಕೆ ಬರಬೇಕು. ನಾವು ಆರಿಸಿಕೊಂಡ ಕೇಸುಗಳಲ್ಲಿ ಹೆಚ್ಚಿನವು ಹೀಗೇ ಮುಗಿದವು. ಆದರೂ ನ್ಯಾಯಾಧೀಶರು ಖಾಲಿ ಕುರ್ಚಿಯ ಎದುರಿಗೇ ಸಾಕ್ಷಿಗಳನ್ನು ಕೇಳಿದರು. ಎಲ್ವಿರಾ ಒಂದು ಬೆಳಗಿಡೀ ಮಾತಾಡಿದಳು. ಯಾರೂ ಕೈ ಎತ್ತಲಿಲ್ಲ. ಕೋರ್ಟಿನ ಶೀಘ್ರಲಿಪಿಗಾರ್ತಿ ಮೂಲೆಯಲ್ಲಿ ಕೂತು ಒಂದೇ ಸಮನೆ ಬೆರಳಾಡಿಸುತ್ತಿದ್ದಳು. ನಾನು ಎಲ್ವಿರಾಳನ್ನು ನೋಡುವುದು ಬಿಟ್ಟು ಆ ಬೆರಳುಗಳನ್ನೇ ನೋಡುತ್ತಾ ಕೂತಿದ್ದೆ. ಅವನೇ ಹೊಣೆ ಎಂದು ತೀರ್ಪಾಯಿತು. ಅವನ ನಿಜವಾದ ಹೆಸರು, ಆ ಹಳ್ಳಿಯ ಹೆಸರು, ಸತ್ತವರ ಹೆಸರು ಎಲ್ಲವೂ ಅದರಲ್ಲಿವೆ.

ಮಿಸೆಸ್ ಬ್ರಾಂಟ್ ತೀರಿಕೊಂಡು ಬಹಳ ವರ್ಷಗಳಾದವು. ನನ್ನನ್ನು ಅವತ್ತು ಮನೆಗೆ ಕಳಿಸದೆ ಎಲ್ವಿರಾಳ ಮನೆಗೆ ಕಳಿಸಿದ್ದಕ್ಕೆ ಅವರನ್ನು ದಿನವೂ ನೆನೆಯುತ್ತೇನೆ. ಒರ್ಟೆಗಾ ಮೇಷ್ಟ್ರು ನನ್ನ ಮುಖಕ್ಕೆ ಸತ್ಯ ಹೇಳಿದರು, ಆದರೆ ಅದನ್ನು ಸ್ಪ್ಯಾನಿಷ್‌ಗೆ ತಿರುಗಿಸಿ ಎಲ್ವಿರಾಳ ಎದುರು ನನ್ನ ಮಾನ ಕಳೆಯಲಿಲ್ಲ. ಆ ಋಣವೂ ದೊಡ್ಡದು. ಸದಾನಂದರು ಚಮಚ ಬದಿಗಿಡದಿದ್ದರೆ ಏನಾಗುತ್ತಿತ್ತೋ ಎಂದು ನಾನು ಅಂದಾಗಲೆಲ್ಲ ಅವರು ಇಡೀ ಕೇಸು ತಾವೇ ಗೆದ್ದವರಂತೆ ಕಾಲರ್ ಎತ್ತಿಕೊಳ್ಳುತ್ತಾರೆ.

ಮೇಘಾ, ನೀನು ಕೇಳಿದ್ದು ಹೇಗೆ ಆರಿಸುವುದು ಎಂದು. ಮಿಸೆಸ್ ಬ್ರಾಂಟರ ಮೂರು ಪ್ರಶ್ನೆಗಳನ್ನು ಕೊಟ್ಟಿದ್ದೇನೆ. ನಿನ್ನ ಕಚೇರಿಯ ನಿಯಮಾವಳಿ ಅದಕ್ಕಿಂತ ದಪ್ಪಗಿರುತ್ತದೆ. ಆದರೆ ನಿನ್ನ ಮೇಜಿನ ಮೇಲಿರುವ ನಾನೂರು ಫೈಲುಗಳನ್ನು ಬರೆದವರು ನನ್ನಂಥವರು. ಬೇಡ ಎನ್ನುವ ಮೊದಲು ಆ ಹಾಳೆಯನ್ನು ಅದರ ಒಡೆಯರಿಗೆ ಒಮ್ಮೆ ಓದಿ ಹೇಳಿಸು.

ತೀರ್ಪು ಬಂದ ತಿಂಗಳಲ್ಲಿ ಕೋರ್ಟಿನಿಂದ ಸಾಕ್ಷ್ಯದ ಪೂರ್ತಿ ಪ್ರತಿ ತರಿಸಿ ಎಲ್ವಿರಾಳ ಮನೆಗೆ ಹೋದೆವು. ಅದೇ ಬೆಂಚು, ಅದೇ ಮಧ್ಯಾಹ್ನ. ಅವಳ ಪಾಲಿನದೇ ಎಪ್ಪತ್ತು ಪುಟ. ಅವಳು ತೀರ್ಪು ಏನೆಂದು ಕೇಳಲಿಲ್ಲ, ಅದು ಅವಳಿಗೆ ಗೊತ್ತಿತ್ತು. "ಉಪ್ಪು ಬರ್ಕೊಂಡಿದಾರಾ?" ಎಂದು ಕೇಳಿದಳು. ನಾನು ಪುಟ ಹುಡುಕಿ ಇಂಗ್ಲಿಷಿನಲ್ಲಿ ಓದಿದೆ, ಮೇಷ್ಟ್ರು ಅವಳ ಭಾಷೆಗೆ ತಿರುಗಿಸಿದರು. ಅವನು ಉಪ್ಪು ಕೇಳಿದ. ನಾನು ಕೊಟ್ಟೆ. ಅವನು ಮತ್ತೆ ಕೇಳಿದ. ಮನೆಯಲ್ಲಿ ಉಳಿದಿದ್ದು ಅಷ್ಟೇ, ಅದನ್ನೂ ಕೊಟ್ಟೆ.

ಎಲ್ವಿರಾ ಕೈ ಚಾಚಿ ಆ ಹಾಳೆಗಳ ಕಟ್ಟನ್ನು ನನ್ನಿಂದ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಇದು ನಂದು," ಎಂದಳು.